ಬಿಪಿ ನೋಡುವ ನರ್ಸಬಾಯಿ

ನವೆಂಬರ್ 4, ಮಂಗಳವಾರ

ವಿಜಯಪುರದಿಂದ ಸುದ್ದಿ ಬಂದಿದೆ. ನಮ್ಮನ್ನು ತೂಗಿ ನೋಡುತ್ತಾರಂತೆ.

ನಮ್ಮನ್ನು ಎಂದರೆ ನಾಲ್ಕು ಜನ ನರ್ಸ್‌ಗಳನ್ನು. ಇಂಡಿಗೆ ನಾನು, ಸಿಂದಗಿಗೆ ಕಲ್ಮೇಶ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗೆ ಇನ್ನಿಬ್ಬರು. ಮಾನಸಿಕ ಕಾಯಿಲೆ ಇದ್ದೂ ಆಸ್ಪತ್ರೆಯ ಮೆಟ್ಟಿಲು ಹತ್ತದವರ ಮನೆಗೇ ಹೋಗಿ ನೋಡಿಕೊಳ್ಳುವುದು ನಮ್ಮ ಕೆಲಸ. ಮೂರು ವರ್ಷಕ್ಕೆಂದು ಸರ್ಕಾರ ದುಡ್ಡು ಕೊಟ್ಟಿತ್ತು, ಮಾರ್ಚಿಗೆ ಮುಗಿಯುತ್ತದೆ. ಮುಂದೆಯೂ ಕೊಡಬೇಕೋ, ನಮಗೆ ಎಳ್ಳುನೀರು ಬಿಡಬೇಕೋ ಎಂದು ಹೇಳಲು ಹೊರಗಿನಿಂದ ಒಂದು ತಂಡ ಬರುತ್ತದಂತೆ. ಇಂಡಿ ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಖೋಲಿಗೊಂದು ಫ್ಯಾನ್ ಹಾಕಿಸಿ ಎಂದು ನಾನು ಬಾಯಿ ಬಾಯಿ ಬಡಿದುಕೊಂಡಾಗ ಯಾರಿಗೂ ಕಿವಿ ಇರಲಿಲ್ಲ. ಈಗ ನಮ್ಮ ನೆನಪಾಗಿದೆ.

ಕಲ್ಮೇಶ ಫೋನ್ ಮಾಡಿದ್ದ. "ಅಕ್ಕಾರ, ನಿಮಗೇನ್ ಅಂಜಿಕಿ? ನಿಮ್ಮ ಕೆಲಸ ಇಡೀ ಜಿಲ್ಲಾಕ್ಕ ಗೊತ್ತೈತಿ," ಎಂದ. ಜಿಲ್ಲೆಯ ಮಾತು ಹಾಗಿರಲಿ, ನಾನು ಮಾಡುವ ಕೆಲಸ ನಾನು ಹೋಗುವ ಓಣಿಗೇ ಗೊತ್ತಿಲ್ಲ. ಗೊತ್ತಾಗಬಾರದು ಎಂದೇ ನಾನು ಇಷ್ಟು ಒದ್ದಾಡುವುದು. ಅವನಿಗೆ ಅದನ್ನೆಲ್ಲ ಹೇಳಲು ಹೋಗಲಿಲ್ಲ.

ನವೆಂಬರ್ 7, ಶುಕ್ರವಾರ

ಝಳಕಿಗೆ ಹೋಗಿದ್ದೆ. ಹೆದ್ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಸ್ಕೂಟಿ ದಾಟಿಸುವಷ್ಟರಲ್ಲಿ ಜೀವ ಬಾಯಿಗೆ ಬಂತು.

ಝಳಕಿಯಲ್ಲಿ ನಾನು ಬಿಪಿ ನೋಡುವ ನರ್ಸಬಾಯಿ. ಓಣಿಯ ಮೊದಲ ಮನೆಯಿಂದ ಶುರು ಮಾಡಿ ಎಲ್ಲರ ತೋಳಿಗೂ ಪಟ್ಟಿ ಸುತ್ತುತ್ತೇನೆ. ಉಪ್ಪು ಕಡಿಮೆ ಮಾಡಿ ಎನ್ನುತ್ತೇನೆ, ಯಾರೂ ಮಾಡುವುದಿಲ್ಲ. ಹಾಗೆ ನೋಡುತ್ತ ನೋಡುತ್ತ ರೋಷನಬಿ ಖಾಲಾರ ಮನೆ ಮುಟ್ಟುತ್ತೇನೆ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ. "ಆ ಮುದುಕಿಗಿ ಬಿಪಿ ಭಾಳ ಐತಿ, ಪಾಪ," ಎಂದು ಓಣಿಯವರು ಮರುಗುತ್ತಾರೆ. ಖಾಲಾರಿಗೆ ಬಿಪಿಯೂ ಇಲ್ಲ, ಶುಗರೂ ಇಲ್ಲ, ಗಟ್ಟಿಮುಟ್ಟಾಗಿದ್ದಾರೆ. ಕಾಯಿಲೆ ಇರುವುದು ಸೊಸೆ ಅಬಿದಾಳಿಗೆ.

ಹೆರಿಗೆಯಾದ ಮೇಲೆ ಅಬಿದಾಳ ನಿದ್ದೆ ಹಾರಿಹೋಯಿತು. ಈ ಮಗು ನನ್ನದಲ್ಲ, ಯಾರೋ ಬದಲಿಸಿದ್ದಾರೆ ಎನ್ನತೊಡಗಿದಳು. ಒಂದು ಮಧ್ಯಾಹ್ನ ಮಗುವನ್ನು ಎತ್ತಿಕೊಂಡು ಬಾವಿಯ ಕಟ್ಟೆ ಹತ್ತಿದ್ದಳು. ಗಂಡ ಸೊಹೇಲನಿಗೆ ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ. ಯಾರೋ ಕೂಗಿದ್ದು ಕೇಳಿ ಓಡಿಬಂದು ಜಡೆ ಹಿಡಿದು ಎಳೆದು ಉಳಿಸಿಕೊಂಡ. ತಾಯತ ಕಟ್ಟಿಸಿದ್ದು, ನಿಂಬೆಹಣ್ಣು ಇಳಿಸಿದ್ದು ಎಲ್ಲ ಆದಮೇಲೆ ಸುದ್ದಿ ನನ್ನ ಕಿವಿಗೆ ಬಿತ್ತು. ವಿಜಯಪುರಕ್ಕೆ ಕರೆದೊಯ್ದು, ಗುರುತಿನವರು ಯಾರೂ ಇಲ್ಲದ ಕಡೆ ಡಾಕ್ಟರಿಗೆ ತೋರಿಸಿದೆ. ಎರಡು ವರ್ಷ ಗುಳಿಗೆ ತಪ್ಪಬಾರದು ಎಂದಿದ್ದಾರೆ. ತಪ್ಪಿದರೆ ಮತ್ತೆ ಬಾವಿಯ ಕಟ್ಟೆ. ಇದು ನನಗೂ ಗೊತ್ತು, ಖಾಲಾರಿಗೂ ಗೊತ್ತು. ಆ ಗುಳಿಗೆಗಳು ನನ್ನ ಬಿಪಿ ಡಬ್ಬಿಯಲ್ಲೇ ಮನೆ ಸೇರುತ್ತವೆ. ಈಗ ಅರ್ಧ ದಾರಿ ಬಂದಿದ್ದೇವೆ.

ಇವತ್ತು ಮಗು ನನ್ನ ಪೆನ್ನು ಕಸಿದುಕೊಂಡಿತು. ಅಬಿದಾ ಅದರ ಕೈಗೊಂದು ಏಟು ಹಾಕಿ, ಅದು ಅಳುವ ಮೊದಲೇ ತಾನೇ ಎತ್ತಿ ಮುದ್ದಿಸಿದಳು. ಹಾಗೆ ಹೊಡೆಯುವುದು ತನ್ನ ಮಗುವಿಗೆ ಮಾತ್ರ. ನನಗೆ ಅತ್ತುಬಿಡಬೇಕು ಅನ್ನಿಸುವಷ್ಟು ಖುಷಿಯಾಯಿತು.

ಸೊಹೇಲನ ತಂಗಿ ಆಯೇಶಾಳಿಗೆ ಗಂಡು ಗೊತ್ತಾಗಿದೆ. ರಮಜಾನ್ ಹಿಡಿಯುವುದರೊಳಗೆ ನಿಕಾಹ್. "ಹುಡುಗನ ಮಂದಿಗಿ ಗೊತ್ತಾದ್ರ ಮುಗೀತ ಬೇಟಿ," ಎಂದು ಖಾಲಾ ಪ್ರತಿ ಸಲ ಹೇಳುತ್ತಾರೆ. "ಯಾರಿಗೂ ಗೊತ್ತಾಗಂಗಿಲ್ಲ ಖಾಲಾ," ಎಂದು ನಾನೂ ಪ್ರತಿ ಸಲ ಹೇಳುತ್ತೇನೆ.

ನವೆಂಬರ್ 18, ಮಂಗಳವಾರ

ತಂಡ ಬಂತು. ಮುಖ್ಯಸ್ಥರು ಬಸಂತರಾಯರು ಅಂತ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮೆತ್ತಗೆ ಮಾತಾಡುತ್ತಾರೆ. ಜೊತೆಗೆ ಇಬ್ಬರು ಹುಡುಗಿಯರು, ಕೈಯಲ್ಲಿ ಟ್ಯಾಬು. ನಾನು ಓಣಿಯ ತುದಿಯಲ್ಲೇ ನಿಲ್ಲಬೇಕು, ಬಾಗಿಲಿಗೆ ಬರಬಾರದು, ಅದು ನಿಯಮ.

ಮೊದಲು ಸಾಲೋಟಗಿ. ಅಲ್ಲಿ ರುಕ್ಮವ್ವ ಇದ್ದಾಳೆ. ಮಗ ತೀರಿಕೊಂಡ ಮೇಲೆ ಖೋಲಿ ಸೇರಿ ಗೋಡೆ ನೋಡುತ್ತ ಕೂತವಳು, ಮಾತು ಬಿಟ್ಟವಳು. ಈಗ ಹೊಲಕ್ಕೆ ಹೋಗುತ್ತಾಳೆ, ನೆರೆಯವಳ ಜೊತೆ ಜಗಳ ಕೂಡ ಆಡುತ್ತಾಳೆ. ಅವಳನ್ನು ಕೇಳಿದರೆ, "ನನಗ ಮೊಣಕಾಲ ಬ್ಯಾನಿರಿ, ನರ್ಸಬಾಯಾರು ಎಣ್ಣಿ ಕೊಡ್ತಾರ," ಎಂದಳು. ಎಣ್ಣೆಯನ್ನೂ ಕೊಡುತ್ತೇನೆ ಎಂಬುದು ನಿಜ.

ಆಮೇಲೆ ಝಳಕಿ. "ನಿಮ್ಮ ಊರಿಗೆ ಮಾನಸಿಕ ಆರೋಗ್ಯದ ನರ್ಸ್ ಬರ್ತಾರೇನ್ರಿ?" ಎಂದು ಬಸಂತರಾಯರು ಮನೆಮನೆಗೂ ಕೇಳಿದರು. ಒಬ್ಬರೂ ಹೂಂ ಅನ್ನಲಿಲ್ಲ. ರೋಷನಬಿ ಖಾಲಾ ಅಂತೂ ಸೆರಗು ತಲೆಮೇಲೆ ಎಳೆದುಕೊಂಡು ಗಟ್ಟಿ ದನಿಯಲ್ಲಿ, "ಮಾನಸಿಕ ಅಂದ್ರ ಹುಚ್ಚರೇನ್ರಿ? ನಮ್ಮ ಓಣ್ಯಾಗ ಅಂಥಾವ್ರು ಯಾರೂ ಇಲ್ರಿ. ಮುಂದಿನ ಓಣ್ಯಾಗ ಕೇಳ್ರಿ," ಎಂದರು. ಅವರ ಬೆನ್ನ ಹಿಂದೆ ಅಬಿದಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ತುದಿಯಲ್ಲಿ ನಿಂತ ನನ್ನನ್ನು ನೋಡಿ ಎದುರುಮನೆಯವಳು, "ನೋಡ್ರಿ, ನಮ್ಮ ಬಿಪಿ ನರ್ಸಬಾಯಿ ಬಂದಾರ, ಇವರ ಹಂಗ ಯಾರೂ ನೋಡಂಗಿಲ್ರಿ," ಎಂದು ಹೊಗಳಿದಳು. ಹುಡುಗಿ ಅದನ್ನು ಟ್ಯಾಬಿನಲ್ಲಿ ಒತ್ತಲಿಲ್ಲ. ಬಿಪಿ ಅವರ ಪ್ರಶ್ನೆಯಲ್ಲಿ ಇರಲಿಲ್ಲ.

ಖಾಲಾರ ಮಾತಿಗೆ ಆಗ ನಗು ಬಂದಿತ್ತು. ಮನೆಗೆ ಬಂದು ರೊಟ್ಟಿ ಬಡಿಯುವಾಗ ನಗು ಬರಲಿಲ್ಲ.

ನವೆಂಬರ್ 20, ಗುರುವಾರ

ಮೂರು ವರ್ಷ ಬಿಸಿಲಲ್ಲಿ ತಿರುಗಿದ್ದಕ್ಕೆ ಸಿಕ್ಕ ಸರ್ಟಿಫಿಕೇಟು: ಇವರು ಇಲ್ಲಿಗೆ ಬಂದೇ ಇಲ್ಲ.

ನವೆಂಬರ್ 23, ರವಿವಾರ

ರುಕ್ಮವ್ವ ಅಫಜಲಪುರದ ಕಡೆ ಮಗಳ ಊರಿಗೆ ಹೋದವಳು ಗುಳಿಗೆ ಮರೆತು ಹೋಗಿದ್ದಾಳೆ. ಎರಡು ಬಸ್ಸು ಬದಲಿಸಿ ಹೋಗಿ ಕೊಟ್ಟು ಬಂದೆ. "ನಿನ್ನ ತಾಲೂಕಲ್ಲ, ನಿನ್ನ ಜಿಲ್ಲಾನೂ ಅಲ್ಲ, ಇವತ್ತ ಸೂಟಿ ಬ್ಯಾರೆ," ಎಂದು ನನ್ನ ಗಂಡ ಜುಲ್ಫಿಕರ ಗೊಣಗಿದ. ಕಂಡಕ್ಟರಾಗಿ ದಿನವೆಲ್ಲ ಬಸ್ಸಿನಲ್ಲೇ ಇರುವವನಿಗೆ ನನ್ನ ಬಸ್ ಪ್ರಯಾಣ ಕಂಡರೆ ಆಗುವುದಿಲ್ಲ. ರುಕ್ಮವ್ವನ ಮಗಳು ಶೇಂಗಾದ ಹೋಳಿಗೆ ಕಟ್ಟಿಕೊಟ್ಟಳು. ಗೊಣಗಿದವನೇ ಅವನ್ನೆಲ್ಲ ತಿಂದು ಮುಗಿಸಿದ.

ಡಿಸೆಂಬರ್ 2, ಮಂಗಳವಾರ

ಬಸಂತರಾಯರು ನನ್ನ ಖೋಲಿಗೆ ಬಂದಿದ್ದರು. ಅಟೆಂಡರ್ ಸಂಗು ತಂದ ಚಹಾ ಕುಡಿದು ಕಪ್ಪನ್ನು ತಾವೇ ಪಕ್ಕಕ್ಕಿಟ್ಟರು.

"ಬಾಯಾರ, ಸಿಂದಗ್ಯಾಗ ಕಲ್ಮೇಶ ಅವರು ಬೋರ್ಡ್ ಹಾಕ್ಯಾರ, ಮೈಕ್ ಕಟ್ಟಿ ಒದರ್ಯಾರ. ಮಂದಿ ಹೌದ ಹೌದ ಅಂತಾರ. ನಿಮ್ಮನ್ನ ಮಾತ್ರ ಯಾರೂ ಗುರುತ ಹಿಡಿಯಂಗಿಲ್ಲ."

"ಅದ ನನ್ನ ಕೆಲಸ್ರಿ ಸರ್. ಮಾನಸಿಕ ಅಂತ ಹೇಳ್ಕೊಂಡ ಹ್ವಾದ್ರ ಬಾಗಲಾ ತೆಗೆಯಂಗಿಲ್ಲ. ಡಾಕ್ಟರ್ ಬರದ ಕೊಟ್ಟ ಚೀಟಿ ಅದಾವ, ನೋಡ್ರಿ."

"ಕಾಗದದ ಮ್ಯಾಲ ಎಲ್ಲಾ ತಾಲೂಕಿನ್ಯಾಗೂ ಎಲ್ಲಾರೂ ಆರಾಮ ಅದಾರ್ರಿ. ಅದಕ್ಕ ಬಾಗಲಕ್ಕ ಹೋಗಿ ಕೇಳ್ರಿ ಅಂತ ನಮ್ಮನ್ನ ಕಳಿಸ್ಯಾರ. ನಾ ನಿಮ್ಮನ್ನ ನಂಬತೇನಿ. ಆದ್ರ ನನ್ನ ನಂಬಿಗಿ ವರದಿಯೊಳಗ ಹಿಡಿಸಂಗಿಲ್ಲ."

ಕೆಟ್ಟ ಮನುಷ್ಯ ಆಗಿದ್ದರೆ ಬಾಯಿಗೆ ಬಂದಂತೆ ಬೈದುಬಿಡುತ್ತಿದ್ದೆ. ಹಾಗಿಲ್ಲ, ಅದೇ ಸಂಕಟ. ಹೋಗುವಾಗ ಬಾಗಿಲಲ್ಲಿ ನಿಂತು, "ಒಂದ ಮನಿಯವ್ರು ಬಾಯಿ ಬಿಟ್ಟ ಹೇಳಿದ್ರ ಸಾಕ್ರಿ, ಇಂಡಿ ಹುದ್ದೆ ಉಳಸಾಕ ನನಗೊಂದು ಆಧಾರ ಆಗ್ತದ," ಎಂದರು.

ಡಿಸೆಂಬರ್ 5, ಶುಕ್ರವಾರ

ಖಾಲಾರನ್ನು ಕೇಳಿಯೇಬಿಟ್ಟೆ.

"ಆ ಸರ್ ಒಬ್ಬರ ಮುಂದ ಅಷ್ಟ ಹೇಳ್ರಿ ಖಾಲಾ. ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ."

"ಹೆಸರು ಯಾಕ ಬೇಕ ಬೇಟಿ? ಅವರ ಜೀಪ್ ನಮ್ಮ ಬಾಗಲಾಗ ನಿಂತ್ರ ಸಾಕು, ಮಂದಿ ಹೆಸರ ತಾವ ಇಡ್ತಾರ."

"ನನ್ನ ಹುದ್ದೆ ಹ್ವಾದ್ರ ಅಬಿದಾನ ಗುಳಿಗಿ ಯಾರ ತರ್ತಾರ?"

ಅವರು ಸ್ವಲ್ಪವೂ ಯೋಚಿಸಲಿಲ್ಲ. "ನೀ ತರ್ತಿ. ನೌಕರಿ ಇರಲಿ, ಹೋಗಲಿ, ನೀ ಕೈ ಬಿಡಾಕಿ ಅಲ್ಲ," ಎಂದರು. ಪ್ರೀತಿಯಿಂದಲೇ ಅಂದ ಮಾತು. ಆದರೂ ನನ್ನ ಮೈ ಉರಿಯಿತು. ನನ್ನ ನೌಕರಿ ಹೋಗಲಿ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟರು!

ಒಳಗಿಂದ ಅಬಿದಾ, "ನಾ ಹೇಳ್ತೇನಿ ಆಪಾ. ನನ್ನ ಬ್ಯಾನಿ, ನಾ ಹೇಳ್ತೇನಿ," ಎಂದಳು. ಖಾಲಾ ತಿರುಗಿ, "ಆಯೇಶಾನ ನಿಕಾಹ್ ಆಗೂಮಟ ಬಾಯಿ ಮುಚ್ಕೊಂಡ ಇರು," ಎಂದರು. ನಾನು ಎದ್ದು ಬಂದೆ.

ಡಿಸೆಂಬರ್ 6, ಶನಿವಾರ

ತಲೆನೋವು. ಈ ಜನಕ್ಕೆ ಎಷ್ಟು ಮಾಡಿದರೂ ಅಷ್ಟೇ. ರೋಗ ಬೇಡ, ರೋಗದ ಹೆಸರು ಬೇಡ, ಗುಳಿಗೆ ಮಾತ್ರ ಮನೆ ಬಾಗಿಲಿಗೆ ಬರಬೇಕು.

ಡಿಸೆಂಬರ್ 16, ಮಂಗಳವಾರ

ವಿಜಯಪುರದಲ್ಲಿ ಈ ಶನಿವಾರ ಸಭೆ. ದೊಡ್ಡ ಅಧಿಕಾರಿಗಳು ಬರುತ್ತಾರೆ. ನಾಲ್ಕೂ ನರ್ಸ್‌ಗಳು ಮೈಕಿನ ಮುಂದೆ ನಿಂತು ತಮ್ಮಿಂದ ಗುಣವಾದ ಒಬ್ಬರ ಕಥೆ ಹೇಳಬೇಕು. ಬಸಂತರಾಯರೇ ನನಗಾಗಿ ಈ ಏರ್ಪಾಡು ಮಾಡಿಸಿದಂತಿದೆ. ಬಾಗಿಲಲ್ಲಿ ಸಿಗದ ಸಾಕ್ಷಿ ನನ್ನ ಬಾಯಲ್ಲಾದರೂ ಸಿಗಲಿ ಎಂದು.

ಗುಳಿಗೆ ನುಂಗುತ್ತಾ ಚೆನ್ನಾಗಿರುವವರನ್ನು ಗುಣವಾದವರು ಅನ್ನಬಹುದೇ ಎಂದು ಫೋನಿನಲ್ಲಿ ಕೇಳಿದೆ. "ಗುಣ ಆಗ್ಯಾರೋ ಇಲ್ಲೋ, ಎರಡರಾಗ ಒಂದ ಹೇಳ್ರಿ ಬಾಯಾರ. ಮ್ಯಾಲಿನವ್ರಿಗೆ ಮೂರನೇದ ತಿಳಿಯಂಗಿಲ್ಲ," ಎಂದರು.

ಅಬಿದಾಳ ಕಥೆಯನ್ನೇ ಹೇಳುತ್ತೇನೆ. ಅವಳೇ ಹೇಳುತ್ತೇನೆ ಎಂದಿದ್ದಳಲ್ಲ. ಹೆಸರು ಬದಲಿಸುತ್ತೇನೆ, ಊರ ಹೆಸರು ಎತ್ತುವುದಿಲ್ಲ. ನೂರಜಹಾನ ಎಂದು ಇಟ್ಟಿದ್ದೇನೆ. ಚೆನ್ನಾಗಿದೆ.

ಡಿಸೆಂಬರ್ 20, ಶನಿವಾರ

ಬಾಗೇವಾಡಿಯವರು ಕಾಗದ ನೋಡಿ ಓದಿದರು, ಅರ್ಧ ಸಭೆ ಆಕಳಿಸಿತು. ಕಲ್ಮೇಶ ತನ್ನ ಬೋರ್ಡಿನ ಬಗ್ಗೆ ಹೇಳಿದ. ಆಮೇಲೆ ನಾನು.

ಕಥೆ ಬಾವಿಯ ಕಟ್ಟೆಗೆ ಬರುವಷ್ಟರಲ್ಲಿ ದನಿ ತಾನಾಗಿ ಬಂತು. ಹೆದ್ದಾರಿಯ ಮೇಲಿನ ಒಂದು ಊರು ಎಂದೆ, ಹೆಸರು ಹೇಳಲಿಲ್ಲ. ಪಂಕ್ಚರ್ ಅಂಗಡಿ ಬಿಡೋಣ ಅಂದುಕೊಂಡಿದ್ದೆ, ಆದರೆ ಅದಿಲ್ಲದೆ ಕಥೆಗೆ ಜೀವ ಇಲ್ಲ. ಟೈರಿನ ಕಪ್ಪು ಮೆತ್ತಿದ ಕೈಯಲ್ಲೇ ಗಂಡ ಅವಳ ಜಡೆ ಹಿಡಿದು ಎಳೆದ ಎಂದಾಗ ಮುಂದಿನ ಸಾಲಿನ ಮೇಡಂ ಕಣ್ಣು ಒರೆಸಿಕೊಂಡರು. ಮಗು ಪೆನ್ನು ಕಸಿದುಕೊಂಡಿದ್ದನ್ನೂ ಹೇಳಿದೆ. ಅತ್ತೆ, ಮದುವೆ ಗೊತ್ತಾದ ನಾದಿನಿ, ಬಿಪಿ ಡಬ್ಬಿ, ಎಲ್ಲ.

"ಈಗ ಹೆಂಗದಾಳ್ರಿ ಆ ಹೆಣ್ಣಮಗಳು?" ಎಂದು ಮೇಡಂ ಕೇಳಿದರು.

"ಪೂರ್ತಿ ಗುಣ ಆಗ್ಯಾಳ್ರಿ," ಎಂದೆ.

ಚಪ್ಪಾಳೆ ಬಿತ್ತು. ಬಸಂತರಾಯರು ಎದ್ದು ನಿಂತೇ ತಟ್ಟಿದರು. ಈ ಜನ್ಮದಲ್ಲಿ ನನಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಗುತ್ತಿದ್ದೆ.

ಡಿಸೆಂಬರ್ 22, ಸೋಮವಾರ

ಯಾರೋ ನನ್ನ ಮಾತಿನ ವಿಡಿಯೊ ಮಾಡಿದ್ದಾರೆ. ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮುದ್ದೇಬಿಹಾಳದಿಂದ ನನ್ನ ಅಕ್ಕ ನನಗೇ ಕಳಿಸಿ, "ನೀನ ಏನ ಇದು?" ಎಂದು ಕೇಳಿದ್ದಾಳೆ. ಹಸಿರು ಸೀರೆ ಒಪ್ಪುತ್ತದೆ ಅಂತಲೂ ಹೇಳಿದ್ದಾಳೆ.

ಜುಲ್ಫಿಕರ ಊಟ ಮಾಡುತ್ತ, "ಸೊಲ್ಲಾಪುರ ಬಸ್ಸಿನ್ಯಾಗ ಮಂದಿ ನೋಡಾಕತ್ತಿದ್ರು. ಅದು ಝಳಕಿ ಸೊಹೇಲನ ಮನಿದಲ್ಲೇನ?" ಎಂದ.

ನಾನು ಅವನಿಗೆ ಆ ಮನೆಯ ಬಗ್ಗೆ ಎಂದೂ ಹೇಳಿದವಳಲ್ಲ. "ಹೈವೇ ತುಂಬ ಪಂಕ್ಚರ್ ಅಂಗಡಿ ಅದಾವ," ಎಂದೆ.

"ಅದಾವ. ತಂಗಿ ನಿಕಾಹ್ ಇಟ್ಕೊಂಡಾಂವ ಅಂವ ಒಬ್ಬನ ಅದಾನ," ಎಂದ.

ತನ್ನ ಟಿಕೆಟ್ ಚೀಲ ತಾನು ನೋಡಿಕೊಂಡರೆ ಸಾಕು, ನನ್ನ ಕೆಲಸದಲ್ಲಿ ಮೂಗು ತೂರಿಸುವುದು ಬೇಡ ಎಂದೆ. ಅನ್ನ ಬಿಟ್ಟು ಎದ್ದ. ಒಂದು ಒಳ್ಳೆಯದಾದರೆ ಮನೆಯವರಿಗೇ ಸಹಿಸುವುದಿಲ್ಲ.

ಜನವರಿ 2, ಶುಕ್ರವಾರ

ಝಳಕಿ. ಮೊದಲ ಮನೆಯಲ್ಲಿ, "ಬಿಪಿ ಬ್ಯಾಡ್ರಿ ಬಾಯಾರ, ಆರಾಮ ಅದೇವಿ," ಎಂದರು. ಎರಡನೆಯ ಮನೆಯಲ್ಲಿ ಬಾಗಿಲು ತೆರೆದೇ ಇತ್ತು, ನನ್ನನ್ನು ಕಂಡು ಮುಚ್ಚಿದರು. ಮುಂದೆಯೂ ಅದೇ. ಒಂದು ತೋಳೂ ಮುಂದೆ ಬರಲಿಲ್ಲ. ನಾನು ಪಟ್ಟಿ ಕಟ್ಟಿದ ಮನೆಯಲ್ಲಿ ಹುಚ್ಚರಿದ್ದಾರೆ ಎಂದು ಈಗ ಅವರಿಗೆ ಗೊತ್ತಾಗಿದೆಯಂತೆ. ನಿಜವಾಗಿ ಬಿಪಿ ಇದ್ದವರಿಗೂ ನಾನು ಬೇಡ.

ರೋಷನಬಿಯ ಮನೆಗೆ ಕೀಲಿ. ಅಂಗಡಿಗೆ ಹೋದೆ. ಸೊಹೇಲ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ, ತಲೆ ಎತ್ತಲಿಲ್ಲ. ಗುಳಿಗೆ ಚಾಚಿದೆ. "ಇಲ್ಲೆ ಬ್ಯಾಡ್ರಿ. ಮಂದಿ ನೋಡ್ತಾರ," ಎಂದ. ಲಾರಿ ಡ್ರೈವರ್ ಒಬ್ಬ ನನ್ನ ಮುಖವನ್ನೂ ತನ್ನ ಮೊಬೈಲನ್ನೂ ನೋಡಿ ನೋಡಿ ನಕ್ಕ.

ನಾನು ಹೆಸರು ಹೇಳಿಲ್ಲ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ನಾನು ಹೆಸರು ಹೇಳಿಲ್ಲ.

ಜನವರಿ 9, ಶುಕ್ರವಾರ

ಆದೇಶ ಬಂತು. ನಾಲ್ಕೂ ಹುದ್ದೆ ಇನ್ನೊಂದು ವರ್ಷ ಮುಂದುವರಿಕೆ. ಬಸಂತರಾಯರು ಫೋನ್ ಮಾಡಿ, "ನಿಮ್ಮ ಮಾತಿನಿಂದನ ಆತ್ರಿ ಬಾಯಾರ," ಎಂದರು. ಸಂಗು ಪೇಡೆ ತಂದ. ಕಲ್ಮೇಶ, ಅಕ್ಕಾರ ನೀವು ನಮ್ಮ ನಾಲ್ವರನ್ನೂ ಉಳಿಸಿದಿರಿ ಎಂದು ಭಾವುಕನಾದ.

ಒಂದು ಷರತ್ತಿದೆ. ಜನ ನಮ್ಮನ್ನು ಗುರುತಿಸುವಂತಿರಬೇಕು. ಎಲ್ಲರಿಗೂ ನೀಲಿ ಜಾಕೀಟು, ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ 'ಮಾನಸಿಕ ಆರೋಗ್ಯ ನರ್ಸ್'. ಬಿಪಿ ನೋಡುವುದು ನಮ್ಮ ಕೆಲಸದಲ್ಲಿ ಬರುವುದಿಲ್ಲ, ಅದನ್ನು ನಿಲ್ಲಿಸಬೇಕು. ನನ್ನ ಬಿಪಿ ಡಬ್ಬಿಯನ್ನು ಸ್ಟೋರಿಗೆ ಒಪ್ಪಿಸಿದೆ. ಏನು ಮಾಡಲಿ, ಹುದ್ದೆ ಉಳಿದರೆ ತಾನೇ ಅಬಿದಾ ಉಳಿಯುವುದು.

ಜನವರಿ 16, ಶುಕ್ರವಾರ

ರೋಷನಬಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಜಾಕೀಟು ನೋಡಿದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಮೊರದಿಂದ ಕೈ ತೆಗೆಯದೆ, "ಆಯೇಶಾನ ಸಂಬಂಧ ಬ್ಯಾಡ ಅಂತ ಹೇಳಿ ಕಳಿಸ್ಯಾರ್ರಿ," ಎಂದಳು. ಬೇಟಿ ಎನ್ನುವವಳು 'ರಿ' ಹಚ್ಚಿ ಮಾತಾಡಿದಳು.

"ಅಬಿದಾ ಎಲ್ಲಿ ಖಾಲಾ?"

"ತವರಮನಿಗಿ ಕಳಿಸೇವಿ. ಸೊಲ್ಲಾಪುರ ಕಡೆ. ಓಣ್ಯಾಗ ಹುಡುಗರು ಬಾವಿ, ಬಾವಿ ಅಂತ ಒದರತಿದ್ವು."

"ಗುಳಿಗಿ ತಗೊಂಡ ಹೋಗ್ಯಾಳೇನ?"

ಆಗ ಮೊರ ಕೆಳಗಿಟ್ಟಳು. "ಗುಳಿಗಿ ಯಾಕ ಬೇಕ್ರಿ ಬಾಯಾರ? ಪೂರ್ತಿ ಗುಣ ಆಗ್ಯಾಳಂತ ನೀವ ಮೈಕಿನ್ಯಾಗ ಹೇಳೀರಿ. ಆಕಿ ತವರಿನವ್ರೂ ಅದನ್ನ ನೋಡ್ಯಾರ. ನರ್ಸಬಾಯಿನ ಗುಣ ಆಗ್ಯಾಳ ಅಂದಮ್ಯಾಲ ಇನ್ನ ಗುಳಿಗಿ ಯಾಕ ಅಂತ ಬಿಡಿಸ್ಯಾರ."

"ಅಲ್ಲೆ ಹಂಗ ಹೇಳಬೇಕಾಗಿತ್ತು ಖಾಲಾ. ಇನ್ನೊಂದ ವರ್ಷ ಗುಳಿಗಿ ಬೇಕ ಬೇಕು, ನಿಮಗ ಗೊತ್ತೈತಿ."

"ಹಂಗಾದ್ರ ಸುಳ್ಳ ಹೇಳೀರಿ?"

ಗುಳಿಗೆಯ ಪೊಟ್ಟಣ ಕಟ್ಟೆಯ ಮೇಲಿಟ್ಟು ಬಂದೆ. ಸ್ಕೂಟಿ ತಿರುಗಿಸುವಾಗ ನೋಡಿದರೆ ಅವಳು ಮತ್ತೆ ತೊಗರಿಗೆ ಕೈ ಹಾಕಿದ್ದಳು, ಪೊಟ್ಟಣ ಅಲ್ಲೇ ಇತ್ತು. ನಾಚಿಕೆಯಾಯಿತು. ಇಂಡಿ ಮುಟ್ಟುವವರೆಗೂ ನಾಚಿಕೆಯಾಗುತ್ತಲೇ ಇತ್ತು.

ಜನವರಿ 18, ರವಿವಾರ

ಅಬಿದಾಳ ತವರಿಗೆ ಹೋಗಿಬರಬೇಕು ಅಂದುಕೊಂಡಿದ್ದೆ. ಗುಳಿಗೆ ಚೀಲಕ್ಕೆ ಹಾಕಿಯೂ ಇಟ್ಟಿದ್ದೆ. ಆಮೇಲೆ ಯೋಚಿಸಿದೆ. ಅದು ನಮ್ಮ ತಾಲೂಕಲ್ಲ, ನಮ್ಮ ರಾಜ್ಯವೂ ಅಲ್ಲ. ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಜವಾಬ್ದಾರಿ ಯಾರದು? ಅಲ್ಲಿಯ ನರ್ಸ್‌ಗಳು ನೋಡಬೇಕಾದ ಪ್ರಕರಣ ಅದು. ಸೊಹೇಲನಿಗೆ ಒಂದು ಮೆಸೇಜ್ ಹಾಕಿದ್ದೇನೆ, ಗುಳಿಗೆ ನಿಲ್ಲಿಸಬೇಡಿ ಅಂತ. ನೋಡಿದ್ದಾನೆ, ಉತ್ತರ ಇಲ್ಲ.

ಮಧ್ಯಾಹ್ನ ಒಳ್ಳೆಯ ನಿದ್ದೆ ಬಂತು.

ಜನವರಿ 28, ಬುಧವಾರ

ಮೂರನೇ ತಾರೀಖು ಬಸವನ ಬಾಗೇವಾಡಿಯಲ್ಲಿ ಜನಜಾಗೃತಿ ಕಾರ್ಯಕ್ರಮ. ವಿಜಯಪುರದಲ್ಲಿ ಹೇಳಿದ್ದನ್ನೇ ಅಲ್ಲಿಯೂ ಹೇಳಬೇಕಂತೆ. ಇನ್ನಷ್ಟು ಸೊಗಸಾಗಿ ಹೇಳಬಹುದು. ಬಾವಿಯ ಕಟ್ಟೆಯ ಹತ್ತಿರ ಅವಸರ ಮಾಡಿದ್ದೆ, ಅಲ್ಲಿ ಒಂದು ಕ್ಷಣ ನಿಲ್ಲಬೇಕು. ಕನ್ನಡಿಯ ಮುಂದೆ ಹೇಳಿ ನೋಡುತ್ತಿದ್ದೆ. ಜುಲ್ಫಿಕರ ಬಾಗಿಲಲ್ಲಿ ನಿಂತು, "ಆ ಹುಡುಗಿ ಈಗ ಹೆಂಗದಾಳ?" ಎಂದು ಕೇಳಿದ. ಯಾವ ಹುಡುಗಿ ಎಂದು ನನಗೆ ತಟ್ಟನೆ ಹೊಳೆಯಲಿಲ್ಲ. ಆರಾಮ ಇರಬೇಕು ಎಂದೆ.

ಫೆಬ್ರವರಿ 3, ಮಂಗಳವಾರ

ಬಾಗೇವಾಡಿ. ಸಭಾಂಗಣ ತುಂಬಿತ್ತು, ಶಾಲೆಯ ಹೆಣ್ಣುಮಕ್ಕಳನ್ನೂ ಕೂರಿಸಿದ್ದರು. ಬಾವಿಯ ಕಟ್ಟೆಯಲ್ಲಿ ನಿಂತೆ. ಎಲ್ಲರೂ ನನ್ನ ಜೊತೆ ನಿಂತರು. ಶಾಲು, ಹಾರ, ಹಣ್ಣಿನ ಬುಟ್ಟಿ. ದಣಿದಿದ್ದೇನೆ, ಆದರೆ ದಿನ ಚೆನ್ನಾಗಿತ್ತು.

ಫೆಬ್ರವರಿ 4, ಬುಧವಾರ

ಖೋಲಿಯ ಕೀಲಿ ತೆಗೆಯುತ್ತಿದ್ದೆ. ಸಂಗು ಬಂದು ನಿಂತ. ಯಾವಾಗಲೂ ಏನಾದರೂ ಹಾಸ್ಯ ಮಾಡುವವನು ಇವತ್ತು ಮಾಡಲಿಲ್ಲ.

"ನಿನ್ನಿ ಝಳಕಿಯಿಂದ ಬಂದಿದ್ರರಿ ಬಾಯಾರ. ಒಬ್ಬಾಕಿ ಮುದುಕಿ, ಆಕಿ ಮಗ, ತವರಿಂದ ತಿರುಗಿ ಕರಕೊಂಡ ಬಂದಿದ್ದ ಸೊಸಿ. ಸೊಸಿ ಕೈ ಕಟ್ಟಿದ್ರರಿ, ಓಡಿ ಹೋಗ್ತಾಳಂತ. ಎಷ್ಟ ದಿನದಿಂದ ಕಣ್ಣಿಗಿ ಕಣ್ಣ ಹಚ್ಚಿಲ್ಲೋ ಏನೋ, ಹಂಗ ಕಾಣತಿದ್ಲು. ನಿಮ್ಮ ಖೋಲಿಗಿ ಕೀಲಿ, ಕೀಲಿ ನಿಮ್ಮ ಕಡೆ. ಮಾನಸಿಕ ಡಾಕ್ಟರ್ ಬರೂದು ಗುರುವಾರ. ಇಲ್ಲೆ ಹೊಸ್ತಲದಾಗ ಕುಂಡ್ರಿಸಿದ್ರು."

"ಓಪಿಡ್ಯಾಗ ಮಂದಿ ಇದ್ರೇನು?" ಎಂದು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ.

"ತುಂಬಿತ್ರಿ. ಝಳಕಿಯವ್ರೂ ಇದ್ರು. ಆ ಮುದುಕಿ ಎಲ್ಲಾರ ಮುಂದ ಎದಿ ಬಡಕೊಂಡ ಒದರತಿದ್ಲರಿ, 'ನಮ್ಮ ಸೊಸಿಗಿ ತಲಿ ಸರಿ ಇಲ್ರಿ, ನಾ ಹೇಳಾಕತ್ತೇನಿ, ನಮ್ಮ ಸೊಸಿಗಿ ಹುಚ್ಚ ಹಿಡದೈತಿ, ಆ ಮಾನಸಿಕ ನರ್ಸಬಾಯಿನ್ನ ಕರೀರಿ' ಅಂತ. ನೀವು ಬಾಗೇವಾಡಿಗಿ ಭಾಷಣಕ್ಕ ಹೋಗೀರಿ ಅಂದ್ವಿ."

ತಂಡದವರು ಮನೆಮನೆ ತಿರುಗಿ ಯಾರ ಬಾಯಿಂದಲೂ ಹೊರಡಿಸಲಾಗದ ಮಾತು. ಅದನ್ನು ರೋಷನಬಿ ಖಾಲಾ ಈ ಬಾಗಿಲಲ್ಲಿ ನಿಂತು ಊರೆಲ್ಲ ಕೇಳುವಂತೆ ಹೇಳಿದರು. ಕೇಳಬೇಕಾದ ನಾನು ಬಾಗೇವಾಡಿಯಲ್ಲಿ ಶಾಲು ಹೊದ್ದು, ಅವಳು ಪೂರ್ತಿ ಗುಣವಾಗಿದ್ದಾಳೆ ಎಂದು ಹೇಳುತ್ತಿದ್ದೆ.

ಕಾದು ಕಾದು ಎದ್ದು ಹೋದರಂತೆ. ಸೊಲ್ಲಾಪುರಕ್ಕೋ, ವಿಜಯಪುರಕ್ಕೋ ಸಂಗುವಿಗೆ ಗೊತ್ತಿಲ್ಲ. ಮಗು ಜೊತೆಯಲ್ಲಿತ್ತೇ ಎಂದು ಕೇಳಿದೆ. ಮಗು ಕಾಣಲಿಲ್ಲ ಎಂದ. ಮನೆಯಲ್ಲೇ ಬಿಟ್ಟಿರಬೇಕು. ಆಯೇಶಾ ನೋಡಿಕೊಳ್ಳುತ್ತಿರಬೇಕು. ಬೇರೆ ಏನನ್ನೂ ಯೋಚಿಸಲು ನನ್ನಿಂದ ಆಗುವುದಿಲ್ಲ. ಸೊಹೇಲನಿಗೆ ಫೋನ್ ಹಚ್ಚುತ್ತಲೇ ಇದ್ದೇನೆ, ಎತ್ತುತ್ತಿಲ್ಲ.

ಈ ನಡುವೆ ವಿಜಯಪುರದಿಂದ ಒಂದು ಕರೆ ಬಂತು. ಸೊಹೇಲನೇ ಎಂದು ನೋಡದೆ ಎತ್ತಿದೆ. ಬಾಗೇವಾಡಿಯ ಮಾತು ಮೇಲಿನವರಿಗೆಲ್ಲ ಬಹಳ ಹಿಡಿಸಿದೆಯಂತೆ. ಮುಂದಿನ ವಾರ ಮುದ್ದೇಬಿಹಾಳದಲ್ಲಿ ಅದೇ ಕಥೆ ಹೇಳಬೇಕಂತೆ.

"ಬರ್ತೇನ್ರಿ ಸರ್," ಎಂದೆ.